ಇಂಗ್ಲೆಂಡಿನ ಹಳೆಯ ಜನಗಣತಿಯ ಕೈಬರಹದಲ್ಲಿ ಪೂರ್ವಜರ ಕಸುಬನ್ನು ಓದುವುದು ಹೇಗೆ?

ಪ್ರಶ್ನೆ: ಬೇರುಹುಡುಕು

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಯ ಕಡೆಯ ಹಿರಿಯರೊಬ್ಬರು 1880ರ ದಶಕದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಕೋಲಾರದ ಚಿನ್ನದ ಗಣಿಗೆ ಬಂದು ಇಲ್ಲಿಯೇ ನೆಲೆನಿಂತವರು. ಮನೆಯಲ್ಲಿ ಅವರನ್ನು ಇಂದಿಗೂ ‘ಕ್ಯಾಪ್ಟನ್ ಅಜ್ಜ’ ಎಂದೇ ಕರೆಯುತ್ತೇವೆ. ಅವರು ಸೈನ್ಯದಲ್ಲಿದ್ದರು ಎಂಬುದು ನನ್ನ ಅಜ್ಜಿಯ ದೃಢವಾದ ನಂಬಿಕೆಯಾಗಿತ್ತು, ಆದರೆ ಅದಕ್ಕೆ ಆಧಾರವಾಗುವ ಒಂದು ಪದಕವಾಗಲಿ, ಒಂದು ಪತ್ರವಾಗಲಿ ನಮ್ಮ ಬಳಿ ಇಲ್ಲ. ಹಾಗಾಗಿ ಇಂಗ್ಲೆಂಡಿನ ಜನಗಣತಿಯ ಪುಟಗಳಲ್ಲಿ ಅವರನ್ನು ಹುಡುಕಲು ಹೊರಟೆ. ರೆಡ್ರೂತ್ ಪಟ್ಟಣದ ಆಸುಪಾಸಿನ ಒಂದೇ ಪ್ಯಾರಿಷ್‌ನಲ್ಲಿ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) 1841ರಿಂದ 1881ರವರೆಗಿನ ಐದು ಗಣತಿಗಳಲ್ಲಿಯೂ ಆ ಕುಟುಂಬ ಸಿಕ್ಕಿತು. ಹೆಸರು, ವಯಸ್ಸು, ಹುಟ್ಟಿದ ಊರು ಎಲ್ಲವೂ ತಾಳೆಯಾಗುತ್ತವೆ. ನಾನು ಎಡವುತ್ತಿರುವುದು ಕಸುಬಿನ ಅಂಕಣದಲ್ಲಿ ಮಾತ್ರ.

1841ರಲ್ಲಿ ಅಜ್ಜ ಇನ್ನೂ ಹುಟ್ಟಿರಲಿಲ್ಲ. ಅವರ ತಂದೆಯ ವಯಸ್ಸನ್ನು 30 ಎಂದು ಬರೆದು, ಕಸುಬಿನ ಜಾಗದಲ್ಲಿ ಬಹಳ ಮಸುಕಾದ ಪೆನ್ಸಿಲ್ಲಿನಲ್ಲಿ ‘ಕಾಪರ್’ ಎಂಬ ಪದವನ್ನೂ ಅದರ ಮುಂದೆ ‘ಎಂ’ ಎಂಬ ಒಂಟಿ ಅಕ್ಷರವನ್ನೂ ಹಾಕಿದ್ದಾರೆ. ತಾಮ್ರದ ಪಾತ್ರೆ ಮಾಡುವವರೇ ಎಂದು ಯೋಚಿಸಿದೆ. 1851ರಲ್ಲಿ ಆರು ವರ್ಷದ ಅಜ್ಜನ ಹೆಸರಿನ ಮುಂದೆ ‘ಸ್ಕಾಲರ್’ ಎಂದು ಸ್ಪಷ್ಟವಾಗಿದೆ. 1861ರಲ್ಲಿ ತಂದೆಯ ವಯಸ್ಸು 52, ಕಸುಬು ‘ಸ್ಯಾಂಡರ್’ ಅಥವಾ ‘ಲಾಡರ್’ ಎಂದು ಕಾಣುತ್ತದೆ, ನಂತರ ‘ಅಟ್ ಮೈನ್’ ಎಂದಿದೆ. ಅದೇ ಮನೆಯಲ್ಲಿ 14 ವರ್ಷದ ತಂಗಿಯ ಮುಂದಿರುವ ಪದಗಳನ್ನು ಅಕ್ಷರಶಃ ಓದಿದರೆ ‘ಕಾಪರ್ ಓರ್ ಡ್ರೆಫ್ಸರ್’ ಎಂದಾಗುತ್ತದೆ. ನಾನು ಬಳಸಿದ ಜಾಲತಾಣದ ಪ್ರತಿಲಿಪಿಯಲ್ಲಿ ಆಕೆಯನ್ನು ಬಟ್ಟೆ ಹೊಲಿಯುವವಳು ಎಂದು ದಾಖಲಿಸಿದ್ದಾರೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು 1871ರ ಪುಟ. ಅಜ್ಜನಿಗೆ ಆಗ 26 ವರ್ಷ, ಮದುವೆಯಾಗಿ ಬೇರೆ ಮನೆ ಮಾಡಿದ್ದರು. ಕಸುಬಿನ ಪದ ‘ಟಿ’ ಅಕ್ಷರದಿಂದ ಆರಂಭವಾಗುತ್ತದೆ. ಮೊದಲ ಮೂರು ಅಕ್ಷರಗಳನ್ನು ನಾನು ‘ಟಿ, ಯು, ಟಿ’ ಎಂದು ಓದಿದ್ದೇನೆ. ಉಳಿದ ಭಾಗದ ಮೇಲೆ ಯಾರೋ ದಪ್ಪನೆಯ ಓರೆಗೆರೆಯೊಂದನ್ನು ಎಳೆದಿರುವುದರಿಂದ ಏನೂ ತಿಳಿಯುವುದಿಲ್ಲ. ‘ಟ್ಯೂಟರ್’, ಅಂದರೆ ಪಾಠ ಹೇಳುವವರು ಎಂದು ನಾನು ಊಹಿಸಿದೆ. ಬಾಲ್ಯದಲ್ಲಿ ‘ಸ್ಕಾಲರ್’ ಎಂದಿದ್ದುದಕ್ಕೂ ಅದು ಹೊಂದುತ್ತದೆ ಎನಿಸಿತು. ಕೊನೆಯದಾಗಿ 1881ರಲ್ಲಿ ‘ಮೈನ್ ಎಜಿ’ ಎಂದು ಬರೆದು, ಅದರ ಬಲತುದಿಯ ಮೇಲ್ಭಾಗದಲ್ಲಿ ಒಂದು ಚಿಕ್ಕ ಗುರುತನ್ನು ಹಾಕಿದ್ದಾರೆ.

ಶಾಲೆ ಕಲಿತ ಹುಡುಗ ಮೇಷ್ಟರಾಗಿ, ನಂತರ ಸೈನ್ಯ ಸೇರಿ ಕ್ಯಾಪ್ಟನ್ ಆದ ಎಂಬ ಕತೆ ನನ್ನ ಮನಸ್ಸಿನಲ್ಲಿ ತಾನಾಗಿಯೇ ಕಟ್ಟಿಕೊಳ್ಳುತ್ತಿದೆ. ಆದರೆ ಅದನ್ನು ಮಕ್ಕಳಿಗೆ ಹೇಳುವ ಮೊದಲು ಪುಟದ ಮೇಲೆ ನಿಜವಾಗಿಯೂ ಏನಿದೆ ಎಂಬುದು ನನಗೆ ಗೊತ್ತಾಗಬೇಕು. ಇಂತಹ ಕೈಬರಹವನ್ನು ಓದುವ ಕ್ರಮವೇನು, ಮತ್ತು ಓದಿದ ಪದದ ಅರ್ಥವನ್ನು ಖಚಿತಪಡಿಸಿಕೊಳ್ಳುವುದು ಹೇಗೆ?

ಉತ್ತರ: ಅಕ್ಷರಮೋಹಿ

ನೀವು ಕಂಡದ್ದನ್ನು ಕಂಡಂತೆಯೇ ಬರೆದು, ಊಹೆಯನ್ನು ಬೇರೆಯಾಗಿ ಹೇಳಿರುವುದರಿಂದ ಅರ್ಧ ಕೆಲಸ ಆಗಲೇ ಮುಗಿದಿದೆ. ‘ಡ್ರೆಫ್ಸರ್’ ಎಂಬ ಅರ್ಥವಿಲ್ಲದ ಪದವನ್ನು ತಿದ್ದದೆ ಹಾಗೆಯೇ ಉಳಿಸಿಕೊಂಡಿದ್ದೀರಲ್ಲ, ಅಲ್ಲಿಂದಲೇ ಆರಂಭಿಸೋಣ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿಯೂ ಅನೇಕರು ಎರಡು ‘ಎಸ್’ ಜೊತೆಯಾಗಿ ಬಂದಾಗ ಮೊದಲನೆಯದನ್ನು ಉದ್ದವಾಗಿ, ಗೆರೆಯ ಮೇಲಕ್ಕೂ ಕೆಳಕ್ಕೂ ಚಾಚುವಂತೆ ಬರೆಯುತ್ತಿದ್ದರು. ಇಂದಿನ ಕಣ್ಣಿಗೆ ಅದು ‘ಎಫ್’ನಂತೆ ತೋರುತ್ತದೆ. ಆದ್ದರಿಂದ ನಿಮ್ಮ ಪದ ‘ಡ್ರೆಸ್ಸರ್’. ಪ್ರತಿಲಿಪಿ ಮಾಡಿದವರು ‘ಡ್ರೆಸ್’ ಎಂಬುದನ್ನು ಗುರುತಿಸಿ, ಮುಂದಿನದನ್ನು ತಮಗೆ ಪರಿಚಿತವಾದ ಪದದಿಂದ ತುಂಬಿಕೊಂಡಿರಬೇಕು. ‘ಕಾಪರ್ ಓರ್’, ಅಂದರೆ ತಾಮ್ರದ ಅದಿರು, ಎಂಬ ಎರಡು ಪದಗಳು ಅವರ ಕಣ್ಣೆದುರಿಗೇ ಇದ್ದವು ಎಂಬುದು ನನಗೆ ಬೇಸರ ತರಿಸುತ್ತದೆ, ಏಕೆಂದರೆ ಇಂತಹ ತಪ್ಪಿನಿಂದ ಒಂದು ಹುಡುಗಿಯ ಇಡೀ ದುಡಿಮೆಯೇ ಬದಲಾಗಿಬಿಡುತ್ತದೆ. ಪ್ರತಿಲಿಪಿಯನ್ನು ಹೆಸರು ಹುಡುಕಲು ಬಳಸಿರಿ, ಕಸುಬಿಗೆ ಮಾತ್ರ ಯಾವಾಗಲೂ ಮೂಲ ಪುಟದ ಚಿತ್ರವನ್ನೇ ನೋಡಿರಿ.

ಈಗ ಕ್ರಮದ ವಿಷಯ. ಕಷ್ಟವಾದ ಪದವನ್ನೇ ಗಂಟೆಗಟ್ಟಲೆ ದಿಟ್ಟಿಸುವುದರಿಂದ ಪ್ರಯೋಜನವಿಲ್ಲ. ನಾವು ಕನ್ನಡ ಓದುವಾಗ ಅವಸರದ ಬರಹದಲ್ಲಿ ‘ಪ’ಕಾರವೋ ‘ವ’ಕಾರವೋ ತಿಳಿಯದಿದ್ದರೆ ಅದೇ ವ್ಯಕ್ತಿ ಬೇರೆ ಕಡೆ ಆ ಅಕ್ಷರವನ್ನು ಹೇಗೆ ತಿರುಗಿಸಿದ್ದಾನೆಂದು ನೋಡುತ್ತೇವಲ್ಲವೇ? ಇಲ್ಲಿಯೂ ಅಷ್ಟೇ. 1841ರಿಂದ 1901ರವರೆಗೆ ಉಳಿದುಬಂದಿರುವುದು ಮನೆಯವರು ತುಂಬಿದ ನಮೂನೆಗಳಲ್ಲ. ಗಣತಿದಾರನು ಅವುಗಳಿಂದ ನಕಲು ಮಾಡಿದ ಪುಸ್ತಕಗಳು ಮಾತ್ರ ಉಳಿದಿವೆ. ಇದರಿಂದ ನಷ್ಟವೂ ಉಂಟು, ಲಾಭವೂ ಉಂಟು. ಲಾಭವೆಂದರೆ ಹತ್ತಾರು ಪುಟಗಳ ಉದ್ದಕ್ಕೂ ಒಂದೇ ಕೈ, ಒಂದೇ ಅಭ್ಯಾಸ. ನಿಮಗೆ ಉತ್ತರ ಮೊದಲೇ ಗೊತ್ತಿರುವ ಪದಗಳು ಆ ಪುಟಗಳ ತುಂಬಾ ಇವೆ: ಸಂಬಂಧದ ಅಂಕಣದಲ್ಲಿ ‘ಹೆಡ್’, ‘ವೈಫ್’, ‘ಡಾಟರ್’, ಹುಟ್ಟಿದ ಸ್ಥಳದ ಅಂಕಣದಲ್ಲಿ ‘ಕಾರ್ನ್‌ವಾಲ್’, ಮಕ್ಕಳ ಮುಂದೆ ‘ಸ್ಕಾಲರ್’, ಜೊತೆಗೆ ಸಾಮಾನ್ಯವಾದ ಹೆಸರುಗಳು. ಇವುಗಳಿಂದ ಆ ಗಣತಿದಾರನ ಅಕ್ಷರಮಾಲೆಯನ್ನು ಒಂದು ಹಾಳೆಯ ಮೇಲೆ ನಿಮ್ಮ ಕೈಯಾರೆ ಬಿಡಿಸಿಕೊಳ್ಳಿರಿ. ಬಿಡಿಸುವಾಗ ಲೇಖನಿ ಎಲ್ಲಿ ಮೇಲೇರಿತು, ಎಲ್ಲಿ ಒತ್ತಿತು ಎಂಬುದು ಕೈಗೆ ತಿಳಿಯುತ್ತದೆ. ಬರಿಯ ನೋಟಕ್ಕೆ ಅದು ದಕ್ಕುವುದಿಲ್ಲ.

ನಿಮ್ಮ 1861ರ ಪದಕ್ಕೆ ಇದನ್ನು ಅನ್ವಯಿಸಿ ನೋಡಿರಿ. ಆ ಕಾಲದ ಕೂಡುಬರಹದಲ್ಲಿ ದೊಡ್ಡಕ್ಷರದ ‘ಎಲ್’ ಮತ್ತು ‘ಎಸ್’ ಎರಡೂ ಮೇಲೊಂದು ಕುಣಿಕೆ, ಕೆಳಗೊಂದು ಬಾಲ ಇರುವ ಆಕಾರಗಳು. ಮರ ಕೊಯ್ಯುವ ‘ಸಾಯರ್’ನನ್ನು ‘ಲಾಯರ್’ ಎಂದು ಓದಿ ವಕೀಲನನ್ನಾಗಿಸುವುದು ಇದೇ ಕಾರಣದಿಂದ. ‘ಟಿ’ ಮತ್ತು ‘ಎಸ್’ ಬೆರೆತಾಗ ದರ್ಜಿ ನಾವಿಕನಾಗುತ್ತಾನೆ. ಇನ್ನು ಚಿಕ್ಕಕ್ಷರದ ‘ಎನ್’ ಮತ್ತು ‘ಯು’ ಎರಡಕ್ಕೂ ಎರಡೆರಡು ಗಿಡ್ಡ ಕಡ್ಡಿಗಳು, ಅವುಗಳನ್ನು ಮೇಲೆ ಸೇರಿಸಿದ್ದಾನೋ ಕೆಳಗೆ ಸೇರಿಸಿದ್ದಾನೋ ಎಂಬುದಷ್ಟೇ ವ್ಯತ್ಯಾಸ, ಅವಸರದಲ್ಲಿ ಅದೂ ಅಳಿಸಿಹೋಗುತ್ತದೆ. ‘ಮೈನರ್’, ಅಂದರೆ ಗಣಿಗಾರ, ಎಂಬ ಪದವನ್ನೇ ತೆಗೆದುಕೊಳ್ಳಿರಿ. ಚಿಕ್ಕಕ್ಷರಗಳಲ್ಲಿ ಬರೆದರೆ ಮೊದಲ ಮೂರು ಅಕ್ಷರಗಳು ಸೇರಿ ಆರು ಕಡ್ಡಿಗಳ ಒಂದು ಸಾಲು ಮಾತ್ರ. ‘ಐ’ ಮೇಲಿನ ಚುಕ್ಕೆಯೊಂದೇ ದಾರಿ ತೋರಿಸುತ್ತದೆ, ಅದೂ ಅನೇಕ ವೇಳೆ ಒಂದೆರಡು ಅಕ್ಷರ ಬಲಕ್ಕೆ ಸರಿದಿರುತ್ತದೆ. ಹೀಗಾಗಿ ನಿಮ್ಮ ಪದ ‘ಲ್ಯಾಂಡರ್’ ಎಂಬುದು ನನ್ನ ಅಭಿಪ್ರಾಯ.

1881ರ ಚಿಕ್ಕ ಗುರುತು ಹೆಚ್ಚು ಸುಲಭ. ಪದವನ್ನು ಮೊಟಕುಗೊಳಿಸಿ ಅದರ ಕೊನೆಯ ಅಕ್ಷರವನ್ನು ಮೇಲ್ಭಾಗದಲ್ಲಿ ಸಣ್ಣದಾಗಿ ಬರೆಯುವುದು ಆಗಿನ ರೂಢಿ. ಮೇಲಿರುವುದು ‘ಟಿ’ ಆಗಿದ್ದರೆ ಇಡೀ ಪದ ‘ಮೈನ್ ಏಜೆಂಟ್’. ಇದನ್ನು 1841ರಲ್ಲಿ ಹೇರಳವಾಗಿ ಕಾಣುವ ‘ಎಜಿ ಲ್ಯಾಬ್’, ಅಂದರೆ ಕೃಷಿ ಕೂಲಿ ಎಂಬ ಸಂಕ್ಷೇಪದೊಂದಿಗೆ ಬೆರೆಸಬೇಡಿರಿ.

1871ರ ಓರೆಗೆರೆ ಗಣತಿದಾರನದ್ದಲ್ಲ. ಪುಸ್ತಕಗಳು ಲಂಡನ್ನಿನ ಗಣತಿ ಕಚೇರಿಗೆ ಹೋದ ಮೇಲೆ ಅಲ್ಲಿನ ಗುಮಾಸ್ತರು ಕಸುಬುಗಳನ್ನು ಎಣಿಸುತ್ತಾ, ಎಣಿಸಿದ್ದರ ಮೇಲೆ ಗೆರೆ ಎಳೆಯುತ್ತಾ ಹೋದರು. ನಾವು ನೋಡುವುದು ಮೈಕ್ರೋಫಿಲ್ಮಿನ ಕಪ್ಪು ಬಿಳುಪು ಚಿತ್ರವಾದ್ದರಿಂದ ಶಾಯಿ ಯಾವುದು, ಗುಮಾಸ್ತನ ಪೆನ್ಸಿಲ್ ಯಾವುದು ಎಂಬ ಬಣ್ಣದ ಭೇದವೂ ನಮಗಿಲ್ಲ. ಅಂತಹ ಕಡೆ ನಾನು ಗೆರೆಯನ್ನು ಬಿಟ್ಟು, ಅದರ ಮೇಲಕ್ಕೆ ಚಾಚಿರುವ ಎತ್ತರದ ಅಕ್ಷರಗಳ ತಲೆಗಳನ್ನು ಎಣಿಸುತ್ತೇನೆ. ಗಣಿಯ ಸೀಮೆ ಎಂಬುದನ್ನು ನೆನೆದರೆ ನಿಮ್ಮ ಪದ ‘ಟ್ರಿಬ್ಯೂಟರ್’ ಆಗಿರಬಹುದು ಎಂದು ನನಗೆ ತೋರುತ್ತದೆ. ಅದರ ಅರ್ಥವನ್ನು ಗಣಿಯ ಮಾತು ಬಲ್ಲವರು ಹೇಳಲಿ.

ಉತ್ತರ: ಗಣಿನೆನಪು

ಅಕ್ಷರಮೋಹಿಯವರ ಓದನ್ನು ಬಹುಪಾಲು ಒಪ್ಪುತ್ತೇನೆ, ಒಂದು ಪದದಲ್ಲಿ ಮಾತ್ರ ಭಿನ್ನಾಭಿಪ್ರಾಯವಿದೆ. ಅದಕ್ಕೆ ಮೊದಲು ಇತರ ಪದಗಳ ಅರ್ಥವನ್ನು ಹೇಳುತ್ತೇನೆ, ಏಕೆಂದರೆ ಅಕ್ಷರ ಸರಿಯಾಗಿ ಓದಿದ ಮೇಲೂ ಅರ್ಥ ತಪ್ಪುವ ಸಂಭವ ಕಸುಬಿನ ಅಂಕಣದಲ್ಲಿ ಇರುವಷ್ಟು ಬೇರೆಲ್ಲಿಯೂ ಇಲ್ಲ.

‘ಲ್ಯಾಂಡರ್’ ಎಂದರೆ ಗಣಿಯ ಬಾವಿಯ ಬಾಯಿಯಲ್ಲಿ ನಿಂತು, ಕೆಳಗಿನಿಂದ ಅದಿರು ತುಂಬಿಕೊಂಡು ಮೇಲೆ ಬರುವ ಕಬ್ಬಿಣದ ದೊಡ್ಡ ಬಕೆಟ್ಟನ್ನು ಎಳೆದುಕೊಂಡು ಬರಿದು ಮಾಡುವವನು. ಆ ಬಕೆಟ್ಟಿಗೆ ಅಲ್ಲಿ ‘ಕಿಬಲ್’ ಎನ್ನುತ್ತಾರೆ. ಇದು ನೆಲದ ಮೇಲಿನ ಕೆಲಸ. ಅಲ್ಲಿನ ಗಣಿಯ ಮಾತಿನಲ್ಲಿ ನೆಲದ ಮೇಲ್ಭಾಗಕ್ಕೆ ‘ಗ್ರಾಸ್’ ಎಂದೇ ಹೆಸರು, ಆದ್ದರಿಂದ ಎಂದಾದರೂ ‘ಗ್ರಾಸ್ ಕ್ಯಾಪ್ಟನ್’ ಎಂಬುದು ಕಂಡರೆ ಹುಲ್ಲುಗಾವಲನ್ನು ಹುಡುಕಬೇಡಿರಿ. ಧೂಳು ಮತ್ತು ಸಿಡಿಮದ್ದಿನ ಹೊಗೆಯಿಂದ ಶ್ವಾಸಕೋಶ ಹಾಳಾದ ಗಣಿಗಾರರು ವಯಸ್ಸಾದಂತೆ ಮೇಲಿನ ಕೆಲಸಕ್ಕೆ ಬರುವುದು ಸಾಮಾನ್ಯವಾಗಿತ್ತು. 52 ವರ್ಷದ ತಂದೆ ‘ಲ್ಯಾಂಡರ್’ ಆಗಿದ್ದರೆ ಅದರ ಹಿಂದೆ ನೆಲದಡಿಯ ಅನೇಕ ವರ್ಷಗಳಿರಬಹುದು. 1851ರಲ್ಲಿ ಅವರ ಕಸುಬು ಏನೆಂದು ನೀವು ಬರೆದಿಲ್ಲ, ದಯವಿಟ್ಟು ನೋಡಿ ಹೇಳಿರಿ.

ತಂಗಿಯ ಕೆಲಸದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕೆನಿಸುತ್ತದೆ. ಅದಿರನ್ನು ‘ಡ್ರೆಸ್’ ಮಾಡುವುದೆಂದರೆ ಗಣಿಯಿಂದ ಬಂದ ಬಂಡೆಯನ್ನು ಒಡೆದು, ಆರಿಸಿ, ಲೋಹವುಳ್ಳ ಭಾಗವನ್ನು ಕಲ್ಲಿನಿಂದ ಬೇರ್ಪಡಿಸುವುದು. ಈ ಕೆಲಸವನ್ನು ಕಾರ್ನ್‌ವಾಲ್‌ನಲ್ಲಿ ಬಹುಮಟ್ಟಿಗೆ ಹೆಂಗಸರು, ಹುಡುಗಿಯರು ಮತ್ತು ಚಿಕ್ಕ ಹುಡುಗರು ಮಾಡುತ್ತಿದ್ದರು. ಅಂತಹ ಹೆಂಗಸರನ್ನು ‘ಬಾಲ್ ಮೇಡನ್’ ಎಂದು ಕರೆಯುತ್ತಿದ್ದರು. ‘ಬಾಲ್’ ಎಂಬುದು ಕಾರ್ನಿಷ್ ನುಡಿಯಲ್ಲಿ ಗಣಿ ಎಂಬ ಅರ್ಥದ ಪದ. ದೊಡ್ಡ ಬಂಡೆಗಳನ್ನು ಉದ್ದ ಹಿಡಿಯ ಸುತ್ತಿಗೆಯಿಂದ ಒಡೆಯುವುದಕ್ಕೆ ‘ಸ್ಪಾಲಿಂಗ್’, ಅದನ್ನು ಚಿಕ್ಕ ಸುತ್ತಿಗೆಯಿಂದ ಚಿಪ್ಪೆಬ್ಬಿಸಿ ಅದಿರನ್ನು ಬಿಡಿಸುವುದಕ್ಕೆ ‘ಕಾಬಿಂಗ್’, ಕಬ್ಬಿಣದ ಹಲಗೆಯ ಮೇಲೆ ಪುಡಿ ಮಾಡುವುದಕ್ಕೆ ‘ಬಕಿಂಗ್’ ಎಂಬ ಬೇರೆ ಬೇರೆ ಹೆಸರುಗಳಿದ್ದವು. ಬೇರೆ ಪುಟಗಳಲ್ಲಿ ‘ಸ್ಪಾಲರ್’ ಅಥವಾ ‘ಬಕರ್’ ಎಂಬ ಪದ ಕಂಡರೆ ಅವು ಇದೇ ಕೆಲಸದ ಹಂತಗಳು. 14 ವರ್ಷದ ಹುಡುಗಿಯೊಬ್ಬಳು ದಿನವಿಡೀ ಸುತ್ತಿಗೆ ಬೀಸಿ ಮನೆಗೆ ಕೂಲಿ ತಂದಿದ್ದಳು ಎಂಬುದನ್ನು ಹೊಲಿಗೆಯ ಹೆಸರಿನಲ್ಲಿ ಮುಚ್ಚಿಹೋಗಲು ಬಿಡಬಾರದು. ಆ ಜಾಲತಾಣದಲ್ಲಿ ತಿದ್ದುಪಡಿ ಸೂಚಿಸುವ ಅವಕಾಶವಿದ್ದರೆ ಮೊದಲು ಆ ಕೆಲಸವನ್ನು ಮಾಡಿರಿ.

‘ಸ್ಕಾಲರ್’ ಎಂಬುದು ವಿದ್ವಾಂಸನೆಂಬ ಅರ್ಥದ್ದಲ್ಲ. ಶಾಲೆಗೆ ಹೋಗುವ ಅಥವಾ ಮನೆಯಲ್ಲಿ ಪಾಠ ಹೇಳಿಸಿಕೊಳ್ಳುವ ಮಗು ಎಂದಷ್ಟೇ. ಇಂಗ್ಲೆಂಡಿನಲ್ಲಿ 5ರಿಂದ 10 ವರ್ಷದ ಮಕ್ಕಳಿಗೆ ಶಾಲೆ ಕಡ್ಡಾಯವಾದದ್ದೇ 1880ರಲ್ಲಿ. ಹಾಗಾಗಿ 1851ರ ಗಣಿಗಾರನ ಮಗ ಓದುತ್ತಿದ್ದನೆಂಬುದು ಸಂತೋಷದ ಸಂಗತಿಯೇ ಹೌದು, ಆದರೆ ಅದರಿಂದ ಅವನು ಮುಂದೆ ಮೇಷ್ಟರಾದನೆಂದು ಹೇಳಲಾಗದು.

‘ಮೈನ್ ಏಜೆಂಟ್’ ಎಂಬುದು ನಿಮ್ಮ ಮನೆಯ ಮುಖ್ಯ ಪ್ರಶ್ನೆಗೆ ಉತ್ತರ. ಕಾರ್ನ್‌ವಾಲ್‌ನಲ್ಲಿ ಗಣಿಯ ಮೇಲ್ವಿಚಾರಕನನ್ನು ಜನರು ಮಾತಿನಲ್ಲಿ ‘ಕ್ಯಾಪ್ಟನ್’ ಎಂದು ಕರೆಯುತ್ತಿದ್ದರು, ಹೆಸರಿನ ಹಿಂದೆ ಅದನ್ನು ಗೌರವದಿಂದ ಸೇರಿಸುತ್ತಿದ್ದರು, ಮತ್ತು ದಾಖಲೆಗಳಲ್ಲಿ ಅದೇ ವ್ಯಕ್ತಿ ‘ಮೈನ್ ಏಜೆಂಟ್’ ಎಂದೋ ‘ಮೈನ್ ಕ್ಯಾಪ್ಟನ್’ ಎಂದೋ ಬರುತ್ತಾನೆ. ಅದಕ್ಕೂ ಸೈನ್ಯಕ್ಕೂ ಯಾವ ಸಂಬಂಧವೂ ಇಲ್ಲ. ನಿಮ್ಮ ಅಜ್ಜಿಯವರು ಕೇಳಿಸಿಕೊಂಡ ಪದ ಸರಿಯಾಗಿಯೇ ಇತ್ತು. ಬಂಡೆಯ ಗುಣ, ಅದಿರಿನ ಜಾಡು, ನೀರೆತ್ತುವ ಯಂತ್ರ ಇವೆಲ್ಲವನ್ನೂ ಬಲ್ಲ ಇಂತಹ ಅನುಭವಿಗಳನ್ನೇ ಹೊರದೇಶದ ಗಣಿಗಳು ಕರೆಸಿಕೊಂಡವು. 1866ರ ತಾಮ್ರದ ಬೆಲೆಯ ಕುಸಿತದಿಂದ ಕಾರ್ನ್‌ವಾಲ್‌ನ ಅನೇಕ ಗಣಿಗಳು ಮುಚ್ಚಿಹೋಗಿ ಜನ ದಕ್ಷಿಣ ಆಸ್ಟ್ರೇಲಿಯಾ, ಅಮೆರಿಕದ ಮಿಷಿಗನ್, ಮೆಕ್ಸಿಕೋ ಎಂದು ಚದುರಿದರು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕೋಲಾರದ ಗಣಿಗಳನ್ನು ನಡೆಸತೊಡಗಿದಾಗ ಈ ಕಡೆಗೂ ಬಂದರು.

ಇನ್ನು ಭಿನ್ನಾಭಿಪ್ರಾಯ. ಕಾರ್ನ್‌ವಾಲ್‌ನ ಗಣಿಗಳಲ್ಲಿ ನೆಲದಡಿಯ ಕೆಲಸಕ್ಕೆ ಎರಡು ಬಗೆಯ ಕರಾರುಗಳಿದ್ದವು. ಅಗೆದು ತೆಗೆದ ಅದಿರಿನ ಬೆಲೆಯಲ್ಲಿ ಇಂತಿಷ್ಟು ಪಾಲು ಎಂದು ಒಪ್ಪಿ ದುಡಿಯುವವನು ‘ಟ್ರಿಬ್ಯೂಟರ್’. ಬಾವಿ ತೋಡುವುದು, ಸುರಂಗ ಕೊರೆಯುವುದು ಮುಂತಾದ ಕೆಲಸಗಳನ್ನು ಅಳತೆಯ ಮೇಲೆ, ಅಂದರೆ ಆರು ಅಡಿಯ ಒಂದು ‘ಫ್ಯಾದಮ್’ಗೆ ಇಷ್ಟು ಹಣ ಎಂದು ಗುತ್ತಿಗೆ ಹಿಡಿಯುವವನು ‘ಟಟ್‌ವರ್ಕ್‌ಮನ್’. ಮೊದಲನೆಯವನ ಗಳಿಕೆ ಅದೃಷ್ಟ ಮತ್ತು ಅದಿರಿನ ಜಾಡನ್ನು ಓದುವ ಜಾಣ್ಮೆಯನ್ನು ಅವಲಂಬಿಸಿತ್ತು, ಎರಡನೆಯವನದು ತೋಳಿನ ಬಲ ಮತ್ತು ಕಲ್ಲಿನ ಗಡಸುತನವನ್ನು. ಗಣತಿಯಲ್ಲಿ ಹೆಚ್ಚಿನವರನ್ನು ಸುಮ್ಮನೆ ‘ಟಿನ್ ಮೈನರ್’ ಅಥವಾ ‘ಕಾಪರ್ ಮೈನರ್’ ಎಂದು ಬರೆದು ಮುಗಿಸಿದ್ದಾರೆ. ಕೆಲವು ಗಣತಿದಾರರು ಮಾತ್ರ ಈ ಭೇದವನ್ನು ಉಳಿಸಿದ್ದಾರೆ. ಪ್ರಶ್ನೆ ಕೇಳಿದವರು ಮೊದಲ ಮೂರು ಅಕ್ಷರಗಳನ್ನು ‘ಟಿ, ಯು, ಟಿ’ ಎಂದು ಓದಿದ್ದಾರೆ. ಆ ಓದನ್ನು ಬದಿಗಿಡಲು ನನಗೆ ಕಾರಣ ಕಾಣುವುದಿಲ್ಲ. ಎತ್ತರದ ಅಕ್ಷರಗಳನ್ನು ಎಣಿಸುವ ಉಪಾಯವನ್ನೇ ಬಳಸೋಣ. ‘ಟ್ರಿಬ್ಯೂಟರ್’ನ ಇಂಗ್ಲಿಷ್ ರೂಪದಲ್ಲಿ ಎಂಟು ಅಕ್ಷರಗಳು, ಅವುಗಳಲ್ಲಿ ಮೊದಲನೆಯದು, ನಾಲ್ಕನೆಯದು ಮತ್ತು ಆರನೆಯದು ಎತ್ತರದವು, ಮೂರನೆಯದರ ಮೇಲೆ ಚುಕ್ಕೆಯಿರಬೇಕು. ‘ಟಟ್‌ವರ್ಕ್‌ಮನ್’ನಲ್ಲಿ ಹತ್ತು ಅಕ್ಷರಗಳು, ಎತ್ತರದವು ಮೊದಲನೆಯದು, ಮೂರನೆಯದು ಮತ್ತು ಏಳನೆಯದು, ಚುಕ್ಕೆ ಎಲ್ಲಿಯೂ ಇಲ್ಲ. ‘ಟ್ಯೂಟರ್’ ಆಗಿದ್ದರೆ ಮೂರನೆಯ ಅಕ್ಷರದ ಆಚೆಗೆ ಎತ್ತರದ್ದು ಯಾವುದೂ ಇರಬಾರದು, ಪದವೂ ಬೇಗ ಮುಗಿಯಬೇಕು. ಓರೆಗೆರೆಯ ಆಚೆಗೆ ಪದ ಎಷ್ಟು ಉದ್ದಕ್ಕೆ ಚಾಚಿದೆ ಎಂಬುದನ್ನು ಪಕ್ಕದ ಸಾಲುಗಳೊಂದಿಗೆ ಅಳೆದು ನೋಡಿರಿ.

ಉತ್ತರ: ತಾಳೆನೋಡುವವ

ಇಬ್ಬರೂ ಹೇಳಿದ್ದಕ್ಕೆ ಪೂರಕವಾಗಿ ಎರಡು ಮೂರು ಎಚ್ಚರಿಕೆಗಳನ್ನು ಸೇರಿಸುತ್ತೇನೆ.

1841ರ ಗಣತಿಯಲ್ಲಿ ಸಮಯ ಉಳಿಸಲು ಕೆಲವು ಸಂಕ್ಷೇಪಗಳನ್ನು ಬಳಸುವಂತೆ ಗಣತಿದಾರರಿಗೆ ಸೂಚನೆಯಿತ್ತು. ಗಂಡಾಳಿಗೆ ‘ಎಂಎಸ್’, ಹೆಣ್ಣಾಳಿಗೆ ‘ಎಫ್ಎಸ್’, ಸ್ವಂತ ವರಮಾನದ ಮೇಲೆ ಬದುಕುವವರಿಗೆ ‘ಇಂಡ್’, ತರಬೇತಿಯ ಹುಡುಗನಿಗೆ ‘ಎಪಿ’, ಪಳಗಿದ ಕೂಲಿ ಕುಶಲಕರ್ಮಿಗೆ ‘ಜೆ’, ಹೀಗೆ. ಅದೇ ಸೂಚನೆಯಲ್ಲಿ ಒಂಟಿ ‘ಎಂ’ ಅಕ್ಷರವು ‘ಮೇಕರ್’ ಎಂಬುದಕ್ಕೆ ಮೀಸಲು, ‘ಶೂ ಎಂ’ ಎಂದರೆ ಚಪ್ಪಲಿ ಮಾಡುವವನು. ಈ ನಿಯಮವನ್ನೇ ಹಿಡಿದರೆ ನಿಮ್ಮ ಪೂರ್ವಜ ತಾಮ್ರದ ಸಾಮಾನು ಮಾಡುವವನಾಗಬೇಕು. ಆದರೆ ತಾಮ್ರದ ಗಣಿಗಳ ನಡುವಿನ ಪ್ಯಾರಿಷ್‌ನಲ್ಲಿ ಗಣತಿದಾರನು ದಿನಕ್ಕೆ ನೂರು ಸಲ ಬರೆಯಬೇಕಾದ ‘ಮೈನರ್’ ಪದವನ್ನು ‘ಎಂ’ಗೆ ಇಳಿಸಿರುವುದು ಹೆಚ್ಚು ಸಹಜ. ಇದನ್ನು ತೀರ್ಮಾನಿಸಲು ನಿಮ್ಮ ಸಾಲನ್ನು ನೋಡಬೇಡಿರಿ, ಇಡೀ ಗಣತಿ ಪುಸ್ತಕವನ್ನು ಮೊದಲಿನಿಂದ ತಿರುವಿರಿ. ಆರಂಭದ ಪುಟಗಳಲ್ಲಿ ಜನ ಪದವನ್ನು ಪೂರ್ತಿಯಾಗಿ ಬರೆಯುತ್ತಾರೆ, ಕೈ ಸೋತಂತೆ ಮೊಟಕುಗೊಳಿಸುತ್ತಾರೆ. ಪೆನ್ಸಿಲ್ ಬರಹಕ್ಕೆ ಚಿತ್ರದ ಬಣ್ಣಗಳನ್ನು ತಿರುಗುಮುರುಗು ಮಾಡಿ, ಕಪ್ಪಿನ ಮೇಲೆ ಬಿಳಿಯಾಗಿ ನೋಡಿದರೆ ಅನೇಕ ವೇಳೆ ಅಕ್ಷರ ಎದ್ದು ಕಾಣುತ್ತದೆ. ಅಂದಹಾಗೆ ಆ ಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕಿತ್ತು. ಆದ್ದರಿಂದ 30 ಎಂದಿರುವ ತಂದೆ 1861ರಲ್ಲಿ 52 ಆಗಿರುವುದರಲ್ಲಿ ವಿರೋಧವಿಲ್ಲ.

ಮನೆಯ ಹೆಂಗಸರ ಮುಂದೆ ಖಾಲಿ ಇದ್ದರೆ ಅವರು ದುಡಿಯುತ್ತಿರಲಿಲ್ಲ ಎಂದು ತಿಳಿಯಬೇಡಿರಿ. ಹೆಂಡತಿಯರ ಕಸುಬನ್ನೂ, ಸಂಬಳವಿಲ್ಲದೆ ತಂದೆತಾಯಿಗೆ ನೆರವಾಗುವ ಮಕ್ಕಳ ಕಸುಬನ್ನೂ ಬರೆಯಬೇಕಾಗಿಲ್ಲ ಎಂದು 1841ರ ಸೂಚನೆಯೇ ಹೇಳುತ್ತದೆ.

ಕೊನೆಯದಾಗಿ, ಗಣತಿಯ ಓದನ್ನು ಗಣತಿಯಿಂದಲೇ ಸಮರ್ಥಿಸಿಕೊಳ್ಳಬಾರದು. 1837ರ ಜುಲೈನಿಂದ ಇಂಗ್ಲೆಂಡಿನ ವಿವಾಹ ನೋಂದಣಿಯಲ್ಲಿ ವರನ ಕಸುಬು ಮತ್ತು ಇಬ್ಬರ ತಂದೆಯರ ಕಸುಬು ಇರುತ್ತವೆ. 1813ರಿಂದ ಚರ್ಚಿನ ದೀಕ್ಷಾಸ್ನಾನದ ದಾಖಲೆಯ ಅಚ್ಚಾದ ನಮೂನೆಯಲ್ಲಿಯೂ ತಂದೆಯ ಕಸುಬಿಗೆ ಅಂಕಣವಿದೆ. ಅವುಗಳನ್ನು ಬರೆದ ಕೈ ಬೇರೆ. ಆ ಬೇರೆ ಕೈ ಅದೇ ಪದವನ್ನೋ ಅದಕ್ಕೆ ಹತ್ತಿರದ ಪದವನ್ನೋ ಬರೆದಿದ್ದರೆ ಮಾತ್ರ ನಿಮ್ಮ ಓದು ಗಟ್ಟಿ.

ಮರುಪ್ರಶ್ನೆ ಮತ್ತು ವರದಿ: ಬೇರುಹುಡುಕು

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಎರಡು ವಾರಗಳ ಕಾಲ ಸಂಜೆಯ ಹೊತ್ತಿನಲ್ಲಿ ಕುಳಿತು ನೀವು ಹೇಳಿದಂತೆಯೇ ಮಾಡಿದೆ.

1841ರ ಪುಸ್ತಕದ ಮೊದಲ ಮೂರು ಪುಟಗಳಲ್ಲಿ ‘ಕಾಪರ್ ಮೈನರ್’ ಎಂದು ಪೂರ್ತಿಯಾಗಿಯೇ ಬರೆದಿದ್ದಾರೆ. ನಾಲ್ಕನೆಯ ಪುಟದಿಂದ ‘ಕಾಪರ್ ಮಿನ್’ ಎಂದಾಗಿ, ಏಳನೆಯ ಪುಟದ ಹೊತ್ತಿಗೆ ಒಂಟಿ ‘ಎಂ’ ಮಾತ್ರ ಉಳಿಯುತ್ತದೆ. ನಮ್ಮ ಮನೆ ಇರುವುದು ಒಂಬತ್ತನೆಯ ಪುಟದಲ್ಲಿ. 1851ರಲ್ಲಿಯೂ ಅವರು ‘ಕಾಪರ್ ಮೈನರ್’ ಎಂದೇ ಇದ್ದಾರೆ. ಅದು ಸುಲಭವಾಗಿ ಓದಲು ಬಂದಿದ್ದರಿಂದ ಪ್ರಶ್ನೆಯಲ್ಲಿ ಬರೆಯುವುದನ್ನೇ ಬಿಟ್ಟಿದ್ದೆ. 1861ರ ಗಣತಿದಾರನ ಅಕ್ಷರಮಾಲೆಯನ್ನು ಬಿಡಿಸಿಕೊಂಡಾಗ, ಅವನ ‘ಎಸ್’ನ ಬಾಲ ಎಡಕ್ಕೆ ಸುತ್ತಿಕೊಳ್ಳುತ್ತದೆಂದೂ ‘ಎಲ್’ನ ಬಾಲ ಬಲಕ್ಕೆ ಅಲೆಯಂತೆ ಹೋಗುತ್ತದೆಂದೂ ಸ್ಪಷ್ಟವಾಯಿತು. ತಂದೆಯ ಪದ ‘ಲ್ಯಾಂಡರ್’, ಸಂದೇಹವಿಲ್ಲ. ತಂಗಿಯ ಕಸುಬಿನ ತಿದ್ದುಪಡಿಯನ್ನು ಜಾಲತಾಣಕ್ಕೆ ಕಳುಹಿಸಿದ್ದೇನೆ.

1871ರ ಪದವನ್ನು ಅಳೆದು ನೋಡಿದೆ. ಓರೆಗೆರೆಯ ಆಚೆಗೂ ಅದು ಬಹಳ ದೂರ ಚಾಚಿದೆ, ಕೊನೆಯಲ್ಲಿ ಗಿಡ್ಡ ಕಡ್ಡಿಗಳ ಒಂದು ಸಾಲಿದೆ, ಮತ್ತು ಗೆರೆಯ ಮೇಲ್ಗಡೆ ಒಂದೇ ಒಂದು ಎತ್ತರದ ಕುಣಿಕೆ ಇಣುಕುತ್ತದೆ. ಚುಕ್ಕೆ ಎಲ್ಲಿಯೂ ಇಲ್ಲ. ಆದರೂ ಅಷ್ಟರಿಂದ ಹೇಳಲು ಧೈರ್ಯ ಬರಲಿಲ್ಲ. ಅದೇ ಗಣತಿದಾರನ ಪುಸ್ತಕವನ್ನು ಮುಂದಕ್ಕೆ ತಿರುವುತ್ತಾ ಹೋದಾಗ, ಐದು ಪುಟಗಳ ನಂತರ, ಬೇರೆ ಮನೆಯ ಯಜಮಾನನೊಬ್ಬನ ಮುಂದೆ ಯಾವ ಗೆರೆಯೂ ತಾಗದೆ ‘ಟಟ್‌ವರ್ಕ್‌ಮನ್’ ಎಂದು ಬರೆದಿರುವುದು ಸಿಕ್ಕಿತು. ಎರಡೂ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ. ಮೊದಲ ಮೂರು ಅಕ್ಷರಗಳು, ಕುಣಿಕೆಯ ಜಾಗ, ಕೊನೆಯ ಕಡ್ಡಿಗಳು ಎಲ್ಲವೂ ಹೊಂದುತ್ತವೆ.

ವಿವಾಹದ ದಾಖಲೆಯ ನಕಲನ್ನೂ ತರಿಸಿಕೊಂಡೆ. 1868ರಲ್ಲಿ ಮದುವೆ. ವರ ‘ಮೈನರ್’, ವರನ ತಂದೆ ‘ಮೈನರ್’, ವಧುವಿನ ತಂದೆಯೂ ‘ಮೈನರ್’. ಅಜ್ಜ ತಮ್ಮ ಹೆಸರನ್ನು ತಾವೇ ಬರೆದು ಸಹಿ ಮಾಡಿದ್ದಾರೆ, ಅವರ ಹೆಂಡತಿ ಅಡ್ಡಗೀಟಿನ ಗುರುತು ಹಾಕಿದ್ದಾರೆ. 1851ರ ‘ಸ್ಕಾಲರ್’ ಎಂಬ ಪದದಿಂದ ಉಳಿದದ್ದು ಆ ಸಹಿ ಎಂದು ನನಗೆ ಅನಿಸಿತು.

1881ರ ಮೇಲ್ಬರಹ ‘ಟಿ’ಯೇ ಹೌದು. ಒಂದು ಸಂದೇಹ ಮಾತ್ರ ಉಳಿದಿದೆ: ಹತ್ತು ವರ್ಷಗಳಲ್ಲಿ ‘ಟಟ್‌ವರ್ಕ್‌ಮನ್’ ಒಬ್ಬನು ‘ಮೈನ್ ಏಜೆಂಟ್’ ಆಗುವುದು ಸಾಧ್ಯವಿತ್ತೇ, ಅಥವಾ ನಾನು ಒಂದೇ ಹೆಸರಿನ ಇಬ್ಬರನ್ನು ಬೆರೆಸುತ್ತಿದ್ದೇನೆಯೇ?

ಉತ್ತರ: ಗಣಿನೆನಪು

ಸಾಧ್ಯವಿತ್ತು. ಕಾರ್ನ್‌ವಾಲ್‌ನ ಗಣಿ ಕ್ಯಾಪ್ಟನ್ನರಲ್ಲಿ ಅನೇಕರು ಕೆಳಗಿನಿಂದಲೇ ಮೇಲೆ ಬಂದವರು. ಗುತ್ತಿಗೆಯ ದಿನ ಗಣಿಯ ಮುಂದೆ ನಿಂತು ಯಾವ ಸುರಂಗಕ್ಕೆ ಫ್ಯಾದಮ್ಮಿಗೆ ಎಷ್ಟು ದರ ಎಂದು ಕೂಗುವವನು ಕ್ಯಾಪ್ಟನ್ನೇ ಆದ್ದರಿಂದ, ಆ ಕಲ್ಲನ್ನು ತನ್ನ ಕೈಯಿಂದ ಕೊರೆದವನಿಗೆ ಆ ಕೆಲಸದಲ್ಲಿ ಅನುಕೂಲವಿತ್ತು. ಲೆಕ್ಕ ಇಡಲು, ವರದಿ ಬರೆಯಲು ಓದುಬರಹ ಬೇಕಿತ್ತು, ಅದು ನಿಮ್ಮ ಅಜ್ಜನಿಗಿತ್ತು ಎಂಬುದಕ್ಕೆ ಸಹಿಯೇ ಸಾಕ್ಷಿ. ಇಬ್ಬರನ್ನು ಬೆರೆಸಿಲ್ಲ ಎಂದು ಖಚಿತಪಡಿಸಿಕೊಳ್ಳಲು 1871 ಮತ್ತು 1881ರ ಪುಟಗಳಲ್ಲಿ ಹೆಂಡತಿಯ ಹೆಸರು, ಹುಟ್ಟಿದ ಪ್ಯಾರಿಷ್ ಮತ್ತು ಹಿರಿಯ ಮಗುವಿನ ವಯಸ್ಸು ಹತ್ತು ವರ್ಷಗಳ ಅಂತರದಲ್ಲಿ ಹೊಂದುತ್ತವೆಯೇ ನೋಡಿರಿ.

ಉತ್ತರ: ಅಕ್ಷರಮೋಹಿ

‘ಟ್ರಿಬ್ಯೂಟರ್’ ಎಂಬ ನನ್ನ ಸಲಹೆಯನ್ನು ಹಿಂದಕ್ಕೆ ಪಡೆಯುತ್ತೇನೆ. ನೀವು ಕಣ್ಣಾರೆ ಓದಿದ ಮೂರು ಅಕ್ಷರಗಳನ್ನು ಬಿಟ್ಟು, ನನಗೆ ಗೊತ್ತಿದ್ದ ಪದಕ್ಕೆ ನಾನೇ ಜಾರಿದ್ದೆ.

ಬೇರುಹುಡುಕು

ಹೆಂಡತಿಯ ಹೆಸರು ಮತ್ತು ಪ್ಯಾರಿಷ್ ಎರಡೂ ಪುಟಗಳಲ್ಲಿ ಒಂದೇ. 1871ರಲ್ಲಿ ಎರಡು ವರ್ಷವಿದ್ದ ಮಗಳಿಗೆ 1881ರಲ್ಲಿ ಹನ್ನೆರಡು, ಅವಳ ಮುಂದೆ ‘ಸ್ಕಾಲರ್’ ಎಂದಿದೆ.